ಕೊನೆಯ ನಂಬರಿಗೂ ಅದೇ ಹಿಮ

"ಸ್ಲಿಪ್ಪರ್ ಎಂದರೆ ಚಪ್ಪಲಿಯಲ್ಲವೇನೇ?" ಎಂದು ಅಮ್ಮ ಸಾಗರದಿಂದ ಫೋನಿನಲ್ಲಿ ಕೇಳಿದ್ದಳು. 2010ರ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ, ವಿಸ್ಲರ್‌ನ ಕ್ರೀಕ್‌ಸೈಡ್ ಇಳಿಜಾರಿನಲ್ಲಿ ನಡೆದ ಮಹಿಳೆಯರ ಸ್ಲಾಲಮ್‌ಗೆ ನನಗೆ ಸಿಕ್ಕ ಕೆಲಸದ ಹೆಸರೇ ಅದು. ಕೆಲಸ ಏನೆಂದು ವಿವರಿಸಿದ ಮೇಲೆ ಅಮ್ಮ ಒಂದು ಕ್ಷಣ ಸುಮ್ಮನಿದ್ದು, "ಅಷ್ಟು ದೂರ ಹೋಗಿ ಹಿಮ ಗುಡಿಸುತ್ತೀಯಾ?" ಎಂದಳು. ನಾನು ವಾದಿಸಲಿಲ್ಲ. ಅವಳು ಹೇಳಿದ್ದು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು.

ಸ್ಲಾಲಮ್‌ನಲ್ಲಿ ಸ್ಕಿ ಎಂಬ ಉದ್ದನೆಯ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು, ಹಿಮದ ಇಳಿಜಾರಿನಲ್ಲಿ ಕೆಂಪು, ನೀಲಿ ಕಂಬಗಳ ನಡುವೆ ಹಾವಿನಂತೆ ಹರಿದು ಇಳಿಯಬೇಕು. ಸ್ಕೀಯಿಂಗ್‌ನ ಬೇರೆ ಯಾವ ಸ್ಪರ್ಧೆಯಲ್ಲೂ ಕಂಬಗಳು ಇಷ್ಟು ಹತ್ತಿರ ಇರುವುದಿಲ್ಲ. ಬರುವ ಪ್ರತಿಯೊಬ್ಬಳೂ ಅದದೇ ಜಾಗದಲ್ಲಿ ತಿರುಗುವುದರಿಂದ ಹತ್ತು ಜನ ಹೋಗುವಷ್ಟರಲ್ಲಿ ಕಂಬದ ಬುಡದಲ್ಲಿ ಗಾಡಿಜಾಡಿನಂಥ ಹಳ್ಳ ಬೀಳುತ್ತದೆ, ಕಿತ್ತುಬಂದ ಹಿಮ ಅದರ ಪಕ್ಕದಲ್ಲಿ ಗುಡ್ಡೆಯಾಗುತ್ತದೆ. ಹನ್ನೊಂದನೆಯವಳ ಸ್ಕಿ ಆ ಗುಡ್ಡೆಗೆ ಸಿಕ್ಕಿಕೊಂಡರೆ ನಾಲ್ಕು ವರ್ಷದ ತಯಾರಿ ನೀರುಪಾಲು. ಹೀಗಾಗದಂತೆ ನೋಡಿಕೊಳ್ಳಲು ಇಬ್ಬರು ಸ್ಪರ್ಧಿಗಳ ನಡುವೆ ಸಿಗುವ ಬಿಡುವಿನಲ್ಲಿ ನಾವು ಸ್ಕಿಗಳನ್ನು ಅಡ್ಡಲಾಗಿ ಹಿಡಿದು, ಸಡಿಲ ಹಿಮವನ್ನು ಹೆರೆಯುತ್ತ ಕೆಳಗೆ ಜಾರುತ್ತಿದ್ದೆವು.

ನಾನು ಸ್ಕೀಯಿಂಗ್ ಕಲಿತದ್ದು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಕೆನಡಾಕ್ಕೆ ಬಂದ ಮೇಲೆ. ಮೂಗನ್ನು ಕೆಳಕ್ಕೆ ಮಾಡಿ ನೇರ ಇಳಿಯುವುದೆಂದರೆ ಜೀವ ಬಾಯಿಗೆ ಬರುತ್ತಿತ್ತು. ಆದ್ದರಿಂದ ಇಡೀ ಬೆಟ್ಟವನ್ನು ಅಡ್ಡಡ್ಡ ಜಾರಿಯೇ ಇಳಿಯುತ್ತಿದ್ದೆ. ಜೊತೆಯವರು ನಕ್ಕರು. ಆ ಹೆದರಿಕೆಯೇ ನನಗೊಂದು ಕಸುಬು ಕಲಿಸಿಕೊಟ್ಟಿತು. ಸ್ಕಿಯ ಉಕ್ಕಿನ ಅಂಚು ಅಂದರೆ ಕಾಲಡಿ ಕಟ್ಟಿಕೊಂಡ ಮೆಟ್ಟುಗತ್ತಿ ಎಂದುಕೊಳ್ಳಿ. ಕಣಕಾಲನ್ನು ಬೆಟ್ಟದ ಕಡೆಗೆ ವಾಲಿಸಿದರೆ ಅಂಚು ಕಚ್ಚಿ ನಿಲ್ಲುತ್ತದೆ, ತುಸು ಸಡಿಲ ಬಿಟ್ಟರೆ ಹೆರೆಯುತ್ತ ಜಾರುತ್ತದೆ, ಪೂರ್ತಿ ಬಿಟ್ಟರೆ ನೀವು ಮೊದಲು ಕೆಳಗೆ, ಸ್ಕಿ ಆಮೇಲೆ. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ ಎನ್ನುವ ಆ ಹದ ಪಾದಕ್ಕೆ ಸಿಗಲು ನನಗೆ ಎರಡು ಚಳಿಗಾಲ ಬೇಕಾಯಿತು.

ವಿಸ್ಲರ್‌ನಲ್ಲಿ ರೇಸ್ ದಾರಿಗಳನ್ನು ಕಾಯುವ ಸ್ವಯಂಸೇವಕರ ಹಳೆಯ ಬಳಗವೊಂದಿದೆ, ವೀಸೆಲ್ ವರ್ಕರ್ಸ್ ಎಂದು. ಯಂತ್ರ ಹತ್ತಲಾಗದ ವೀಸೆಲ್ ಎಂಬ ಕಡಿದಾದ ಇಳಿಜಾರಿನ ಹಿಮವನ್ನು ಹಿಂದಿನವರು ಕಾಲಿನಿಂದ ತುಳಿದೇ ಗಟ್ಟಿ ಮಾಡಿದ್ದರಿಂದ ಬಂದ ಹೆಸರು ಅದು. ಅಲ್ಲಿನ ಹಿರಿಯರ ಜೊತೆ ಸಣ್ಣಪುಟ್ಟ ರೇಸ್‌ಗಳಲ್ಲಿ ದುಡಿಯುತ್ತ ನಾನು ಹಿಮದ ಗುಣ ಕಲಿತೆ. ನನಗೆ ಅತಿ ಹೆಚ್ಚು ಬೆರಗು ಹುಟ್ಟಿಸಿದ್ದು ಉಪ್ಪು. ಹಿಮ ಮೆತ್ತಗಾದಾಗ ಉಪ್ಪು ಎರಚುತ್ತಾರೆ. ಕರಗಬೇಕಾದ ಹಿಮ ಅದರಿಂದ ಗಟ್ಟಿಯಾಗುತ್ತದೆ! ಜಾತ್ರೆಯಲ್ಲಿ ಮರದ ಬಾನಿಯೊಳಗೆ ಐಸಿಗೆ ಉಪ್ಪು ಹಾಕಿ ಐಸ್‌ಕ್ರೀಮ್ ತಿರುಗಿಸುತ್ತಿದ್ದವನು ಮಾಡುತ್ತಿದ್ದುದೂ ಇದನ್ನೇ. ಉಪ್ಪು ಮೇಲ್ಪದರದ ಹಿಮವನ್ನು ಕರಗಿಸುತ್ತದೆ, ಆ ಕರಗುವಿಕೆಗೆ ಬೇಕಾದ ಶಾಖವನ್ನು ಸುತ್ತಲಿನ ಹಿಮದಿಂದ ಎಳೆದುಕೊಳ್ಳುತ್ತದೆ. ಶಾಖ ಕಳೆದುಕೊಂಡ ಒದ್ದೆ ಹಿಮ ಹೆಪ್ಪುಗಟ್ಟುತ್ತದೆ. ಆದರೆ ಇದು ಸಾಲದ ವ್ಯವಹಾರವಿದ್ದಂತೆ. ಕೆಲವು ಗಂಟೆ ಗಟ್ಟಿಯಾಗಿ ನಿಂತ ಹಿಮ ಆಮೇಲೆ ಮೊದಲಿಗಿಂತ ಹಾಳಾಗುತ್ತದೆ. ಕೋಳಿಗೆ ಕಾಳು ಹಾಕುವ ಹಾಗೆ, ಬೆರಳು ಬಿಡಿಸಿ, ತೆಳುವಾಗಿ ಬೀಸಬೇಕು.

ಆ ಫೆಬ್ರವರಿಯಲ್ಲಿ ಕ್ರೀಕ್‌ಸೈಡ್ ನಮ್ಮನ್ನು ಸಾಕುಸಾಕು ಮಾಡಿತು. ಬೆಟ್ಟದ ಬುಡದಲ್ಲಿ ಮಲೆನಾಡಿನ ಜಿಟಿಜಿಟಿ ಮಳೆ, ನಡುವೆ ಮಂಜು, ಮೇಲೆ ಹಿಮ. ಮೊದಲ ದಿನಗಳ ಸ್ಪರ್ಧೆಗಳು ಮುಂದಕ್ಕೆ ಹೋದವು. ಕಂಬಗಳು ಇನ್ನಷ್ಟು ದೂರದೂರ ಇರುವ ಜೈಂಟ್ ಸ್ಲಾಲಮ್‌ನ ಮಹಿಳೆಯರ ಎರಡನೇ ಸುತ್ತಿಗೂ ಮಂಜು ಅಡ್ಡ ಬಂದು, ಅದು ಮರುದಿನ 25ರಂದು ನಡೆಯಿತು. ಅದರ ಮಾರನೆಯ ದಿನ, ಫೆಬ್ರವರಿ 26ರ ಶುಕ್ರವಾರ, ನಮ್ಮ ಸ್ಲಾಲಮ್.

ಕತ್ತಲಿರುವಾಗಲೇ ಮೇಲೆ ಹೋದೆವು. ನನ್ನ ಪಾಲಿಗೆ ಬಂದದ್ದು ಮುಕ್ತಾಯದ ಗೆರೆಗೆ ಹತ್ತಿರದ ಕೆಳಭಾಗ. ಅಲ್ಲಿಂದ ಸ್ಪರ್ಧೆ ಕಾಣಿಸುವುದಕ್ಕಿಂತ ಹೆಚ್ಚಾಗಿ ಕೇಳಿಸುತ್ತದೆ. ಮಂಜಿನೊಳಗಿಂದ ಮೊದಲು "ಕೋರ್ಸ್!" ಎಂಬ ಕೂಗು, ಎಂದರೆ ಒಬ್ಬಳು ಬರುತ್ತಿದ್ದಾಳೆ, ದಾರಿ ಬಿಡಿ. ಆಮೇಲೆ ಟಪ್, ಟಪ್, ಟಪ್ ಎಂದು ಮೊಣಕಾಲ ಕೆಳಗಿನ ಕವಚ ಕಂಬಗಳನ್ನು ಹೊಡೆಯುವ ಸದ್ದು. ಕಂಬದ ಬುಡದಲ್ಲಿ ಮಡಚುವ ಕೀಲಿದೆ, ಬಾಗಿ ನೆಲಕ್ಕೆ ತಾಗಿ ತಟ್ಟನೆ ಎದ್ದು ನಿಲ್ಲುತ್ತದೆ. ಹೊಡೆತದ ಲಯ ತಪ್ಪಿತೆಂದರೆ ಮೇಲೆ ಯಾರೋ ಎಡವಿದರೆಂದೇ ಅರ್ಥ. ಮೊದಲ ಸುತ್ತಿನಲ್ಲಿ ಅಮೆರಿಕದ ಲಿಂಡ್ಸೆ ವಾನ್ ನಾವಿದ್ದಲ್ಲಿಗೆ ಬರಲೇ ಇಲ್ಲ. ಕಂಬವೊಂದು ಎರಡು ಸ್ಕಿಗಳ ನಡುವೆ ಸಿಕ್ಕಿತ್ತು. ಎರಡೂ ಸ್ಕಿಗಳ ತುದಿ ಕಂಬದ ಒಂದೇ ಬದಿಯಲ್ಲಿ ಸಾಗಬೇಕು. ಇಲ್ಲವಾದರೆ ಅಲ್ಲಿಗೆ ಮುಗಿಯಿತು.

ನಾನೂ ಅಂದು ಎಡವಿದೆ. ಒಂದು ಬಿಡುವಿನಲ್ಲಿ ಅವಸರವಾಗಿ ಜಾರಿ ಬಂದು, ಹೆರೆದ ಹಿಮವನ್ನು ದಾರಿಯಾಚೆಗೆ ಒಯ್ಯದೆ ನೀಲಿ ಕಂಬವೊಂದರ ಕೆಳಗೇ ಬಿಟ್ಟುಬಿಟ್ಟೆ. ಗೇಣುದ್ದದ ಬದು, ಅಷ್ಟೇ. ಆದರೆ ಮುಂದಿನ ತಿರುವು ಶುರುವಾಗುವುದು ಸರಿಯಾಗಿ ಅಲ್ಲಿ. ನಮ್ಮ ಗುಂಪಿನ ಹಿರಿಯಳು ಬಾಯಿ ತೆರೆಯಲಿಲ್ಲ, ಕೋಲಿನಿಂದ ಆ ಬದುವನ್ನು ತೋರಿಸಿದಳು. ಬೂಟಿನಲ್ಲಿ ಒದ್ದು, ಮೊಣಕಾಲೂರಿ ಕೈಯಲ್ಲಿ ಬಾಚಿ ಎಸೆದು ನಾನು ಬಲೆಯ ಪಕ್ಕಕ್ಕೆ ಬೀಳುವುದಕ್ಕೂ "ಕೋರ್ಸ್!" ಎಂಬ ಕೂಗು ಕೇಳುವುದಕ್ಕೂ ಸರಿಹೋಯಿತು. ಬಂದವಳು ಯಾರೆಂದು ನೋಡಲಿಲ್ಲ. ಅವಳ ಸ್ಕಿ ಆ ಜಾಗ ದಾಟುವುದನ್ನು ಮಾತ್ರ ನೋಡಿದೆ.

ಎರಡನೇ ಸುತ್ತಿಗೆ ಕಂಬಗಳ ಜೋಡಣೆ ಬದಲಾಗುತ್ತದೆ, ಮೊದಲ ಮೂವತ್ತು ಜನರ ಸರದಿ ತಿರುವುಮುರುವಾಗುತ್ತದೆ. ಎಂದರೆ ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದವಳಿಗೆ ಮೂವತ್ತನೆಯ ಸರದಿ, ಉಳಿದವರೆಲ್ಲ ತುಳಿದ ಹಿಮ. ಜರ್ಮನಿಯ ಮರಿಯಾ ರೀಶ್ ಹೀಗೇ ಬಂದಳು. ತಂಗಿ ಸುಸಾನೆ ಸ್ವಲ್ಪ ಮುಂಚೆಯಷ್ಟೇ ದಾರಿ ತಪ್ಪಿ ಹೊರಬಿದ್ದಿದ್ದಳು. ಎರಡೂ ಸುತ್ತಿನ ಸಮಯ ಕೂಡಿಸಿ ರೀಶ್ ಚಿನ್ನ ಗೆದ್ದದ್ದು ಆಸ್ಟ್ರಿಯಾದ ಮಾರ್ಲಿಸ್ ಶಿಲ್ಡ್‌ಗಿಂತ 0.43 ಸೆಕೆಂಡ್ ಮುಂದೆ. ಕಂಚು ಜೆಕ್ ದೇಶದ ಶಾರ್ಕಾ ಜಹ್ರೊಬ್ಸ್ಕಾಗೆ. ಕೆಳಗೆ ಗಂಟೆ, ಜಾಗಟೆ, ಬಾವುಟ. ಹೆಚ್ಚಿನ ಕ್ಯಾಮರಾಗಳ ಕೆಲಸವೂ ಅಲ್ಲಿಗೆ ಮುಗಿಯಿತು.

ನಮ್ಮದು ಮುಗಿದಿರಲಿಲ್ಲ. ಮೂವತ್ತರ ನಂತರವೂ ಜನ ಬರುತ್ತಾರೆ, ಹೆಚ್ಚು ಹಿಮ ಕಾಣದ ನಾಡುಗಳಿಂದ, ಇದ್ದೂ ಅವಕಾಶ ಕಾಣದ ನಾಡುಗಳಿಂದ. ಅವರಿಗೇ ಹಿಮ ಅತಿ ಕೆಟ್ಟಿರುತ್ತದೆ, ಕಾಲಿನ ಕಸುವೂ ಕಡಿಮೆ. ನಮ್ಮ ಹಿರಿಯಳು ಈಗ ಇನ್ನೂ ಹೆಚ್ಚು ಸಲ ಜಾರಿಸಿದಳು. ಇರಾನಿನಿಂದ ಚಳಿಗಾಲದ ಒಲಿಂಪಿಕ್ಸ್‌ಗೆ ಬಂದ ಮೊದಲ ಮಹಿಳೆ ಮರ್ಜಾನ್ ಕಲ್ಹೋರ್ ಬರುವ ಮೊದಲು ನಾನು ಆ ನೀಲಿ ಕಂಬದ ಸುತ್ತ ಎರಡು ಬಾರಿ ಹೆರೆದೆ. ಟಪ್ ಎಂಬ ಸದ್ದು ಈ ಸಲ ಬಿಡಿಬಿಡಿಯಾಗಿ ಬಂತು. ಕಂಬಗಳನ್ನು ಹೊಡೆದುರುಳಿಸದೆ ಎಚ್ಚರದಿಂದ ಸುತ್ತಿ ಬಂದಳು. ಹಳ್ಳದಲ್ಲಿ ಸ್ಕಿ ಒಮ್ಮೆ ಅದುರಿತು, ಹಿಡಿದುಕೊಂಡಿತು. ಗೆರೆ ದಾಟಿದಳು.

ಆಮೇಲೆ ಕಂಬಗಳನ್ನು ತಿರುಪಿ ಕಿತ್ತು, ಹೆಗಲ ಮೇಲೆ ಹೊತ್ತು ಇಳಿದೆವು. ಕೈಗವಸು ಹಿಂಡಿದರೆ ಲೋಟದಷ್ಟು ನೀರು ಬಂತು. ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ.

"ಗುಡಿಸಿ ಆಯಿತಾ?"

"ಆಯಿತಮ್ಮ."

"ಚೊಕ್ಕವಾಗಿತ್ತಾ?"

"ಒಂದು ಕಡೆ ಬಿಟ್ಟಿದ್ದೆ. ಆಮೇಲೆ ತೆಗೆದೆ."