ಬಾವ್ಲಾ ಕೊಲೆ ಪ್ರಕರಣವನ್ನು ಕಿರುತೆರೆಗೆ ಬರೆದಾಗ

1925ರ ಜನವರಿ 12ರ ಸಂಜೆ ಮುಂಬಯಿಯ ಮಲಬಾರ್ ಹಿಲ್‌ನಲ್ಲಿ ವ್ಯಾಪಾರಿ ಅಬ್ದುಲ್ ಕಾದಿರ್ ಬಾವ್ಲಾ ಅವರ ಕಾರನ್ನು ಅಡ್ಡಗಟ್ಟಿ, ಅವರನ್ನು ಗುಂಡಿಕ್ಕಿ ಕೊಂದು, ಜೊತೆಯಲ್ಲಿದ್ದ ಮುಮ್ತಾಜ್ ಬೇಗಂ ಅವರನ್ನು ಎಳೆದೊಯ್ಯಲು ಯತ್ನಿಸಿದ ಪ್ರಕರಣವನ್ನು ಧಾರಾವಾಹಿಯಾಗಿ ಬರೆಯುವ ಹೊಣೆ ನನಗೆ ಬಂದಾಗ, ಮೊದಲ ಕಂತು ಗುಂಡಿನ ಸದ್ದಿನಿಂದಲೇ ತೆರೆಯಬೇಕೆಂಬ ಒತ್ತಾಯವಿತ್ತು. ನಾನು ಒಪ್ಪಲಿಲ್ಲ. ಇಂದೋರ್ ಮಹಾರಾಜರ ಆಸ್ಥಾನದ ನರ್ತಕಿಯಾಗಿದ್ದ ಮುಮ್ತಾಜ್ ಅರಮನೆಯನ್ನು ತೊರೆಯಲು ಮಾಡಿದ ನಿರ್ಧಾರವೇ ಈ ಕಥೆಯ ಮೂಲವಾದ್ದರಿಂದ, ಮೊದಲ ಕಂತು ಅವರು ಅರಮನೆಯ ಕಾವಲಿನಿಂದ ಹೊರಬೀಳುವುದಕ್ಕೇ ಮೀಸಲಾಯಿತು.

ದಾಳಿಯ ದೃಶ್ಯವನ್ನು ಪೂರ್ತಿಯಾಗಿ ಕಾರಿನೊಳಗಿಂದಲೇ ಬರೆದೆ. ಬಾಗಿಲಿನ ಅಂಚನ್ನು ಬಿಗಿಯಾಗಿ ಹಿಡಿದ ಬೆರಳುಗಳು, ಒಂದೊಂದಾಗಿ ಅವನ್ನು ಬಿಡಿಸುವ ಇನ್ನೊಂದು ಕೈ, ಆಮೇಲೆ ಚಾಕು. ಮುಮ್ತಾಜ್ ಅವರ ಮುಖದ ಗಾಯವನ್ನು ಕ್ಯಾಮೆರಾ ಹತ್ತಿರದಿಂದ ತೋರಿಸಕೂಡದೆಂದು ಚಿತ್ರಕಥೆಯಲ್ಲೇ ನಮೂದಿಸಿದ್ದೆ. ಗಾಲ್ಫ್ ಆಡಿ ಮರಳುತ್ತಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಆಕಸ್ಮಿಕವಾಗಿ ಅಲ್ಲಿಗೆ ಬಂದು ದಾಳಿಕೋರರನ್ನು ಎದುರಿಸಿದ್ದು ನಿಜವಾದರೂ, ಕಟ್ಟುಕಥೆಯಂತೆ ಕಾಣುವ ಅಪಾಯ ಇದ್ದುದರಿಂದ ಆ ಭಾಗಕ್ಕೆ ಸಂಗೀತವೇ ಬೇಡವೆಂದೆವು.

ಅತ್ಯಂತ ಕಠಿಣವಾದದ್ದು ಇಂದೋರಿನ ಮಹಾರಾಜ ತುಕೋಜಿರಾವ್ ಹೋಳ್ಕರ್ ಅವರ ಪಾತ್ರ. ಬಂಧಿತರಿಗೂ ಇಂದೋರ್ ಸಂಸ್ಥಾನಕ್ಕೂ ಇದ್ದ ನಂಟು ಬಯಲಾಗಿತ್ತು, ಮುಂಬಯಿ ಹೈಕೋರ್ಟ್ ಮೂವರಿಗೆ ಮರಣದಂಡನೆ ವಿಧಿಸಿತ್ತು. ಆದರೆ ಮಹಾರಾಜರು ಎಂದೂ ಕಟಕಟೆ ಏರಲಿಲ್ಲ. ಅವರು ಕೊಲೆಗೆ ಆಜ್ಞೆ ಕೊಡುವ ದೃಶ್ಯವೊಂದಿದ್ದರೆ ನಾಟಕಕ್ಕೆ ಬಿಗಿ ಬರುತ್ತದೆಂದು ತಂಡದ ಹಲವರು ವಾದಿಸಿದರು. ನ್ಯಾಯಾಲಯದ ಮುಂದೆ ಸಾಬೀತಾಗದ್ದನ್ನು ನಟನ ಬಾಯಲ್ಲಿ ಹೇಳಿಸಿದರೆ ನೋಡುಗರು ಅದನ್ನೇ ಚರಿತ್ರೆಯೆಂದು ನಂಬಿಬಿಡುತ್ತಾರೆ, ಹಾಗಾಗಿ ಅಂಥ ದೃಶ್ಯವನ್ನು ನಾನು ಬರೆಯಲೇ ಇಲ್ಲ. ವಿಚಾರಣಾ ಆಯೋಗವನ್ನು ಎದುರಿಸುವ ಬದಲು 1926ರಲ್ಲಿ ಅವರು ಮಗನಿಗೆ ಪಟ್ಟ ಬಿಟ್ಟುಕೊಟ್ಟದ್ದನ್ನು ಹಾಗೆಯೇ ತೋರಿಸಿದೆವು. ಆರೋಪಿಗಳಲ್ಲೊಬ್ಬರ ಪರ ವಾದಿಸಿದ ಮೊಹಮ್ಮದ್ ಅಲಿ ಜಿನ್ನಾ ಅವರನ್ನೂ, ಮುಂದಿನ ಅವರ ರಾಜಕೀಯದ ನೆರಳು ಬೀಳದಂತೆ, ಮುಂಬಯಿಯ ಒಬ್ಬ ನುರಿತ ವಕೀಲರಾಗಿ ಮಾತ್ರ ಚಿತ್ರಿಸಿದೆ.

ಮುಮ್ತಾಜ್ ಅವರ ಸಾಕ್ಷ್ಯಕ್ಕೆ ಇಡೀ ಒಂದು ಕಂತು ಕೊಟ್ಟೆವು. ತಮಗೆ ಹುಟ್ಟಿದ ಕೂಸನ್ನು ಕೊಲ್ಲಲಾಯಿತೆಂದು ಅವರು ನ್ಯಾಯಾಲಯದಲ್ಲಿ ನುಡಿದದ್ದನ್ನು ಹಿನ್ನೋಟದ ದೃಶ್ಯವಾಗಿಸದೆ, ಸಾಕ್ಷಿಕಟ್ಟೆಯಲ್ಲಿ ನಿಂತ ನಟಿಯ ಮಾತಾಗಿಯೇ ಉಳಿಸಿ, ಆ ಮಾತು ಮುಗಿಯುವವರೆಗೆ ಎಲ್ಲಿಯೂ ಕತ್ತರಿ ಹಾಕಬಾರದೆಂದು ಸಂಕಲನಕಾರರಲ್ಲಿ ಕೇಳಿಕೊಂಡೆ.