ಪತ್ತೇದಾರಿ ಧಾರಾವಾಹಿಯ ಕಂಟಿನ್ಯುಟಿ ತಪ್ಪುಗಳನ್ನು ಗುರುತಿಸುವ ಬಗೆ

ಠಾಣೆಯ ಮೇಜಿನ ಆಚೀಚೆ ಕುಳಿತ ಇನ್‌ಸ್ಪೆಕ್ಟರ್ ಮತ್ತು ಆರೋಪಿಯ ನಡುವೆ ನಡೆಯುವ ಮೂರು ನಿಮಿಷದ ಮಾತುಕತೆಯನ್ನು ಚಿತ್ರೀಕರಿಸಲು ಅರ್ಧ ದಿನವೇ ಹಿಡಿಯಬಹುದು. ಇಬ್ಬರನ್ನೂ ಒಟ್ಟಿಗೆ ತೋರಿಸುವ ಶಾಟ್ ಮೊದಲು, ಆಮೇಲೆ ಒಬ್ಬರ ಕ್ಲೋಸಪ್‌ಗಳು, ಊಟದ ಬಳಿಕ ಕ್ಯಾಮೆರಾ ಮತ್ತು ದೀಪಗಳನ್ನು ತಿರುಗಿಸಿ ಇನ್ನೊಬ್ಬರ ಕ್ಲೋಸಪ್‌ಗಳು. ಸಂಕಲನಕಾರರು ಇವನ್ನೆಲ್ಲ ಹೆಣೆದಾಗ ಅದು ಒಂದೇ ಬೈಠಕ್ಕಿನ ಮಾತಾಗುತ್ತದೆ. ಒಂದು ಶಾಟ್‌ನಲ್ಲಿ ಕಂಡದ್ದು ಮುಂದಿನದರಲ್ಲಿ ಕಾರಣವಿಲ್ಲದೆ ಬದಲಾಗಿದ್ದರೆ ಅದೇ ಕಂಟಿನ್ಯುಟಿ ತಪ್ಪು. ಆದ್ದರಿಂದ ತಪ್ಪು ಸಿಗುವ ಜಾಗ ಶಾಟ್ ಮುಗಿದು ಮುಂದಿನದು ತೊಡಗುವ ಆ ಕ್ಷಣವೇ ಹೊರತು ಶಾಟ್‌ನ ನಡುವಲ್ಲ.

ಮೊದಲ ಸಲ ಕಂತನ್ನು ಕಥೆಗಾಗಿಯೇ ನೋಡಬೇಕು. ಎರಡನೆಯ ಸಲ ಧ್ವನಿಯನ್ನು ಪೂರ್ತಿ ತಗ್ಗಿಸಿ, ಒಂದು ದೃಶ್ಯಕ್ಕೆ ಒಂದೇ ವಸ್ತುವನ್ನು ಆರಿಸಿಕೊಂಡು ಅದನ್ನು ಬಿಡದೆ ಹಿಂಬಾಲಿಸಬೇಕು. ಎಲ್ಲವನ್ನೂ ಒಮ್ಮೆಗೇ ನೋಡಹೊರಟವರ ಕಣ್ಣಿಗೆ ಏನೂ ಬೀಳುವುದಿಲ್ಲ. ಉಡುಪಿಯ ನಮ್ಮ ಮನೆಯಲ್ಲಿ ಈ ಕೆಲಸವನ್ನು ಹಂಚಿಕೊಂಡಿದ್ದೇವೆ: ಅಕ್ಕನ ಮಗಳು ಪಾತ್ರಗಳ ಕೈಗಳನ್ನು ನೋಡುತ್ತಾಳೆ, ನಾನು ಹಿನ್ನೆಲೆಯನ್ನು ನೋಡುತ್ತೇನೆ. ಯೂಟ್ಯೂಬನ್ನು ಕಂಪ್ಯೂಟರಿನಲ್ಲಿ ನೋಡುವವರು ವಿಡಿಯೋ ನಿಲ್ಲಿಸಿ ಅಲ್ಪವಿರಾಮ, ಪೂರ್ಣವಿರಾಮದ ಕೀಲಿಗಳನ್ನು ಒತ್ತಿದರೆ ಚಿತ್ರವು ಒಂದೊಂದೇ ಫ್ರೇಮ್‌ನಂತೆ ಹಿಂದೆ, ಮುಂದೆ ಸರಿಯುತ್ತದೆ.

ತಾನಾಗಿಯೇ ಬದಲಾಗುತ್ತ ಹೋಗುವ ವಸ್ತುಗಳನ್ನು ಆರಿಸಿಕೊಳ್ಳುವುದು ಉತ್ತಮ, ಏಕೆಂದರೆ ಅವು ಗಡಿಯಾರದಂತೆ ಕೆಲಸ ಮಾಡುತ್ತವೆ. ಚಹಾದ ಲೋಟ, ಉರಿಯುವ ಸಿಗರೇಟು ಎಲ್ಲರಿಗೂ ಗೊತ್ತಿರುವಂಥವು. ನಮ್ಮ ಕಡೆಯ ಕಥೆಗಳಲ್ಲಿ ಇನ್ನೂ ಒಳ್ಳೆಯ ಗಡಿಯಾರಗಳಿವೆ. ಸಾರು ಸುರಿದ ಕೆಲವೇ ನಿಮಿಷಗಳಲ್ಲಿ ಕೋರಿ ರೊಟ್ಟಿ ಮೆತ್ತಗಾಗುತ್ತದೆ. ಮೆತ್ತಗಾದ ರೊಟ್ಟಿ ಮುಂದಿನ ಶಾಟ್‌ನಲ್ಲಿ ಮತ್ತೆ ಗರಿಗರಿಯಾಗಿದ್ದರೆ ತಟ್ಟೆ ಬದಲಾಗಿದೆ ಎಂದರ್ಥ. ಮುಡಿದ ಮಲ್ಲಿಗೆ ಬೆಳಗ್ಗೆಯಿಂದ ಸಂಜೆಗೆ ಬಾಡಬೇಕು. ಮಳೆಯಲ್ಲಿ ಓಡಿ ಬಂದವನ ಪ್ಯಾಂಟಿನ ಕೆಂಪು ಮಣ್ಣಿನ ಕಲೆ ಅವನು ಬಾಗಿಲು ದಾಟಿದೊಡನೆ ಮಾಯವಾಗುವಂತಿಲ್ಲ. ಕಾಂಪೌಂಡು ಗೋಡೆಯ ಪಾಚಿ ಮಳೆಗಾಲದಲ್ಲಿ ಹಸಿರಾಗಿ, ಬೇಸಿಗೆಯಲ್ಲಿ ಒಣಗಿ ಕಪ್ಪಾಗಿ ಕಾಣುವುದರಿಂದ, ಒಂದೇ ರಾತ್ರಿಯ ಘಟನೆಯನ್ನು ಬೇರೆ ಬೇರೆ ತಿಂಗಳುಗಳಲ್ಲಿ ಚಿತ್ರೀಕರಿಸಿದ್ದರೆ ಆ ಗೋಡೆಯೇ ಅದನ್ನು ಹೇಳಿಬಿಡುತ್ತದೆ.

ಸಮವಸ್ತ್ರದ ಕಡೆಗೂ ಗಮನವಿರಲಿ. ಸಬ್ ಇನ್‌ಸ್ಪೆಕ್ಟರರ ಭುಜದಲ್ಲಿ 2 ನಕ್ಷತ್ರಗಳು, ಇನ್‌ಸ್ಪೆಕ್ಟರರ ಭುಜದಲ್ಲಿ 3 ನಕ್ಷತ್ರಗಳು ಇದ್ದು, ಇಬ್ಬರಿಗೂ ಕೆಂಪು ನೀಲಿ ಪಟ್ಟಿ ಇರುತ್ತದೆ; ಡಿವೈಎಸ್‌ಪಿಯವರಿಗೆ ನಕ್ಷತ್ರಗಳು 3 ಇದ್ದರೂ ಆ ಪಟ್ಟಿ ಇರುವುದಿಲ್ಲ. ಬಡ್ತಿಯ ಪ್ರಸ್ತಾಪವೇ ಇಲ್ಲದೆ ಇವು ಬದಲಾದರೆ ಬರೆದಿಟ್ಟುಕೊಳ್ಳಿ. ಎದೆಯ ಹೆಸರಿನ ಪಟ್ಟಿ ಬದಿ ಬದಲಿಸಿದರೆ, ಸೀರೆಯ ಸೆರಗು ಎಡ ಭುಜದಿಂದ ಬಲಕ್ಕೆ ಹೋದರೆ, ಸಂಕಲನದಲ್ಲಿ ಆ ಶಾಟನ್ನು ಕನ್ನಡಿಯ ಬಿಂಬದಂತೆ ತಿರುಗಿಸಿರುವ ಸಾಧ್ಯತೆ ಹೆಚ್ಚು. ಕಾರು ಬೆನ್ನಟ್ಟುವ ದೃಶ್ಯದಲ್ಲಿ ನಂಬರ್ ಪ್ಲೇಟ್ ನೋಡಿದರೆ ಸಾಕು. ಕೆಎ 19 ಆಗಿ ಮಂಗಳೂರಿನಿಂದ ಹೊರಟದ್ದು ಮೂಲ್ಕಿ ದಾಟುವಷ್ಟರಲ್ಲಿ ಉಡುಪಿಯ ಕೆಎ 20 ಆಗಿದ್ದರೆ ಅಲ್ಲಿ ಎರಡು ಕಾರುಗಳನ್ನು ಬಳಸಿದ್ದಾರೆ.

ಇನ್ನೊಂದು ಬಗೆಯ ತಪ್ಪನ್ನು ಇದರೊಂದಿಗೆ ಬೆರೆಸಬಾರದು. ಮಲ್ಪೆಯ ಮರಳಿನ ಮೇಲೆ ಮುಂಜಾನೆ ಶವ ಪತ್ತೆಯಾಗುತ್ತದೆ, ಹಿಂದೆ ಕಡಲಂಚಿನಲ್ಲಿ ಕೆಂಪು ಸೂರ್ಯನಿದ್ದಾನೆ ಎಂದುಕೊಳ್ಳಿ. ನಮ್ಮ ಕಡಲು ಪಡುವಣದ್ದು. ಸೂರ್ಯ ಅಲ್ಲಿ ಮುಳುಗುತ್ತಾನೆ, ಹುಟ್ಟುವುದು ಘಟ್ಟದ ಕಡೆ. ಆ ದೃಶ್ಯವನ್ನು ಸಂಜೆ ಚಿತ್ರೀಕರಿಸಿದ್ದಾರೆ. ಹಾಗೆಯೇ, ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿರುವಾಗ, ಜುಲೈ ತಿಂಗಳ ಕಥೆಯಲ್ಲಿ ಟ್ರಾಲ್ ಬೋಟು ಮೀನು ತುಂಬಿಕೊಂಡು ಬಂದರಿಗೆ ಮರಳುವುದು ಹೊಂದುವುದಿಲ್ಲ. ಇವು ಶಾಟ್‌ಗಳ ನಡುವಿನ ತಪ್ಪುಗಳಲ್ಲ, ವಾಸ್ತವದ ತಪ್ಪುಗಳು. ಇವಕ್ಕೆ ಟಿಪ್ಪಣಿ ಪುಸ್ತಕದಲ್ಲಿ ಬೇರೆ ಪುಟವಿರಬೇಕು.

ಕಂತಿನ ಸಂಖ್ಯೆ, ನಿಮಿಷ, ಸೆಕೆಂಡು, ಮೊದಲ ಶಾಟ್‌ನಲ್ಲಿ ಕಂಡದ್ದು, ಮುಂದಿನದರಲ್ಲಿ ಕಂಡದ್ದು: ಪ್ರತಿ ತಪ್ಪಿಗೆ ಇಷ್ಟು ಬರೆದರೆ ಸಾಕು.

ಪತ್ತೇದಾರಿ ಕಥೆಯಲ್ಲಿ ಮಾತ್ರ ತೀರ್ಪು ಕೊಡಲು ಆತುರ ಸಲ್ಲದು. ಮೇಜಿನ ಮೇಲಿನ ಪ್ರತಿಯೊಂದು ವಸ್ತುವನ್ನೂ ಸಾಕ್ಷ್ಯವೆಂದು ನಂಬುವಂತೆ ಈ ಕಥೆಗಳೇ ನಮಗೆ ಕಲಿಸಿವೆ. ಇಲ್ಲಿ ಲೋಟವೊಂದು ಜಾಗ ಬದಲಿಸಿದರೆ ಮನಸ್ಸಿಗೆ ಇಷ್ಟು ಕಸಿವಿಸಿಯಾಗುವುದು ಅದಕ್ಕಾಗಿಯೇ. ನಾನು ಪಾಲಿಸುವ ಪರೀಕ್ಷೆ ಹೀಗಿದೆ: ಕಾಣೆಯಾದ ವಸ್ತು ಅದೇ ದೃಶ್ಯದೊಳಗೆ, ಯಾರೂ ಮುಟ್ಟದೆ, ಮತ್ತೆ ಪ್ರತ್ಯಕ್ಷವಾದರೆ ಅದು ತಪ್ಪು. ಆದರೆ ಒಂದು ದೃಶ್ಯದಲ್ಲಿ ಗೋಡೆಯ ಮೊಳೆಯಲ್ಲಿದ್ದ ಬೀಗದ ಕೈ ಮುಂದಿನ ದೃಶ್ಯದಲ್ಲಿಲ್ಲದೆ, ಆಮೇಲೆಯೂ ಹಿಂದಿರುಗದೆ ಹೋದರೆ, ಅದನ್ನು ಯಾರೋ ತೆಗೆದಿರಬಹುದು. ಆ ಟಿಪ್ಪಣಿಯ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಕೊನೆಯ ಕಂತು ಮುಗಿಯುವ ತನಕ ಕಾಯಬೇಕು.