ಉಪ್ಪಿನ ದ್ರಾವಣ ಆಮ್ಲೀಯವೋ ಅಲ್ಲವೋ: ನಾನು ಲೆಕ್ಕ ಹಾಕುವ ರೀತಿ

ನಾನು ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ಆಮ್ಲ, ಪ್ರತ್ಯಾಮ್ಲ ಎರಡರ ಲೆಕ್ಕ ಚುಕ್ತಾ ಆದಮೇಲೆ ಉಳಿಯೋದೇ ಲವಣ ಅಲ್ವಾ? ಮತ್ತೆ ಎಲ್ಲಾ ಲವಣಾನೂ ತಟಸ್ಥ ಯಾಕಲ್ಲ?" ಒಳ್ಳೆಯ ಪ್ರಶ್ನೆ. ಅಡುಗೆ ಉಪ್ಪಿನ ಮಟ್ಟಿಗೆ ಅದು ನಿಜ ಕೂಡ. ಆದರೆ ವಾಷಿಂಗ್ ಸೋಡಾದ ನೀರನ್ನು ಅರಿಶಿನ ಹಚ್ಚಿದ ಕಾಗದಕ್ಕೆ ಒಂದು ಹನಿ ಬಿಟ್ಟರೆ ಸಾಕು, ಕೆಂಪಾಗುತ್ತದೆ, ಅಂದರೆ ಅದು ಪ್ರತ್ಯಾಮ್ಲೀಯ.

ನಾನು ಮಾಡುವುದಿಷ್ಟೇ. ಲವಣವನ್ನು ಧನ ಅಯಾನು, ಋಣ ಅಯಾನು (ವಿದ್ಯುದಾವೇಶ ಇರುವ ಕಣಗಳು) ಎಂದು ಒಡೆದು ಬರೆಯುತ್ತೇನೆ. ಧನ ಅಯಾನು ಯಾವ ಪ್ರತ್ಯಾಮ್ಲದಿಂದ ಬಂತು, ಋಣ ಅಯಾನು ಯಾವ ಆಮ್ಲದಿಂದ ಬಂತು ಅಂತ ನೋಡುತ್ತೇನೆ. ಪ್ರಬಲವಾದದ್ದರಿಂದ ಬಂದ ಅಯಾನು ನೀರಿನ ತಂಟೆಗೆ ಹೋಗುವುದಿಲ್ಲ. ದುರ್ಬಲವಾದದ್ದರಿಂದ ಬಂದದ್ದು ಸುಮ್ನೆ ಕೂರುವುದಿಲ್ಲ. ವಾಷಿಂಗ್ ಸೋಡಾದ ಕಾರ್ಬೊನೇಟ್ ನೀರಿನಿಂದ ಹೈಡ್ರೋಜನ್ ಅಯಾನು ಕಿತ್ತುಕೊಳ್ಳುತ್ತದೆ, ಹೈಡ್ರಾಕ್ಸೈಡ್ ಉಳಿಯುತ್ತದೆ, ದ್ರಾವಣ ಪ್ರತ್ಯಾಮ್ಲೀಯ. ನವಸಾಗರದ (ಅಮೋನಿಯಂ ಕ್ಲೋರೈಡ್) ಅಮೋನಿಯಂ ಅಯಾನು ನೀರಿಗೆ ಹೈಡ್ರೋಜನ್ ಅಯಾನು ಕೊಡುತ್ತದೆ, ದ್ರಾವಣ ಆಮ್ಲೀಯ.

ಬಾಯಿಪಾಠ ಬೇಕಾಗುವುದು ಪ್ರಬಲವಾದವುಗಳ ಪಟ್ಟಿ ಒಂದೇ. ಆಮ್ಲಗಳಲ್ಲಿ ಹೈಡ್ರೋಕ್ಲೋರಿಕ್, ಹೈಡ್ರೋಬ್ರೋಮಿಕ್, ಹೈಡ್ರೋಅಯೋಡಿಕ್, ನೈಟ್ರಿಕ್, ಸಲ್ಫ್ಯೂರಿಕ್, ಪರ್‌ಕ್ಲೋರಿಕ್. ಪ್ರತ್ಯಾಮ್ಲಗಳಲ್ಲಿ ಸೋಡಿಯಂ, ಪೊಟ್ಯಾಸಿಯಂ ಗುಂಪಿನವು, ಜೊತೆಗೆ ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ, ಬೇರಿಯಂ ಹೈಡ್ರಾಕ್ಸೈಡ್.

ಮಕ್ಕಳು ಎಡವುವುದು ಪಟಿಕದಲ್ಲಿ. ಅದರ ಅಯಾನುಗಳಲ್ಲಿ ಹೈಡ್ರೋಜನ್ನೇ ಇಲ್ಲವಲ್ಲ, ಆಮ್ಲ ಎಲ್ಲಿಂದ ಬಂತು? ನೀರಿನಿಂದಲೇ. ಅಲ್ಯೂಮಿನಿಯಂ ಅಯಾನು ಪುಟ್ಟದು, ಆದರೆ ಅದರ ಮೇಲೆ ಮೂರು ಧನ ಆವೇಶ. ಸುತ್ತ ಆರು ನೀರಿನ ಅಣುಗಳನ್ನು ಹಿಡಿದುಕೊಂಡು ಅವುಗಳ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಜಗ್ಗುತ್ತದೆ. ಆಗ ಆ ನೀರಿನ ಹೈಡ್ರೋಜನ್ ಸಡಿಲವಾಗಿ ಕಳಚಿಕೊಳ್ಳುತ್ತದೆ. ಮೈಲುತುತ್ತದ (ತಾಮ್ರದ ಸಲ್ಫೇಟ್) ಕಥೆಯೂ ಇದೇ. ಮಲೆನಾಡಿನ ಅಡಿಕೆ ತೋಟದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಅವರು ಮೈಲುತುತ್ತಕ್ಕೆ ಸುಣ್ಣ ಸೇರಿಸುತ್ತಾರೆ, ಆಮೇಲೆ ಕಬ್ಬಿಣದ ಕತ್ತಿ ಅದ್ದಿ ನೋಡುತ್ತಾರೆ. ಕತ್ತಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಇನ್ನೂ ಬೇಕು.

ಅಂದಹಾಗೆ, ಆಮ್ಲ ಪರೀಕ್ಷೆಗೆ ಅರಿಶಿನ ಪ್ರಯೋಜನವಿಲ್ಲ. ಆಮ್ಲಕ್ಕೂ ತಟಸ್ಥಕ್ಕೂ ಅದು ಹಳದಿಯೇ. ನಾನು ಕೆಂಪು ದಾಸವಾಳದ ರಸ ಬಳಸುತ್ತೇನೆ: ಆಮ್ಲಕ್ಕೆ ಗಾಢ ಗುಲಾಬಿ, ಪ್ರತ್ಯಾಮ್ಲಕ್ಕೆ ಹಸಿರು.

ಎರಡೂ ಅಯಾನುಗಳು ದುರ್ಬಲವಾದದ್ದರಿಂದ ಬಂದಿದ್ದರೆ ಊಹೆ ಬಿಟ್ಟು ಸಂಖ್ಯೆ ನೋಡಲೇಬೇಕು. ಅಮೋನಿಯಂ ಅಸಿಟೇಟ್‌ನಲ್ಲಿ ಅಸಿಟಿಕ್ ಆಮ್ಲದ ಬಲ, ಅಮೋನಿಯಾದ ಬಲ (ನೀರಿನಲ್ಲಿ ಎಷ್ಟು ಅಯಾನಾಗುತ್ತದೆ ಎಂದು ಹೇಳುವ ಸಂಖ್ಯೆ) ಎರಡೂ ಹೆಚ್ಚುಕಡಿಮೆ 1.8 × 10⁻⁵. ಹಾಗಾಗಿ ಪಿಎಚ್ (7 ತಟಸ್ಥ, ಕಡಿಮೆಯಾದರೆ ಆಮ್ಲೀಯ, ಹೆಚ್ಚಾದರೆ ಪ್ರತ್ಯಾಮ್ಲೀಯ) 7ರ ಹತ್ತಿರ. ಕಾರ್ಬೊನೇಟ್ ಪ್ರತ್ಯಾಮ್ಲವಾಗಿ ಅಮೋನಿಯಂನ ಆಮ್ಲಗುಣಕ್ಕಿಂತ ಎಷ್ಟೋ ಜೋರು, ಅಮೋನಿಯಂ ಕಾರ್ಬೊನೇಟ್ ಪ್ರತ್ಯಾಮ್ಲೀಯ. ಅಡುಗೆ ಸೋಡಾದ ಬೈಕಾರ್ಬೊನೇಟ್ ಎರಡೂ ಕಡೆ ಆಡಬಲ್ಲದು. ಹೈಡ್ರೋಜನ್ ಕೊಡುವ ಬಲ ಸುಮಾರು 4.7 × 10⁻¹¹, ತೆಗೆದುಕೊಳ್ಳುವ ಬಲ 2.3 × 10⁻⁸. ಎರಡನೆಯದೇ ಜಾಸ್ತಿ, ಆದ್ದರಿಂದ ಪಿಎಚ್ ಸುಮಾರು 8.3.

ಮೀಟರ್ ಇಟ್ಟು ಅಳೆಯುವವರಿಗೆ ಒಂದು ಮಾತು. ಅಡುಗೆ ಉಪ್ಪಿನ ದ್ರಾವಣ 7ರ ಬದಲು 5.6ರ ಆಸುಪಾಸು ತೋರಿಸಿದರೆ ಗಾಬರಿಯಾಗಬೇಡಿ. ಡಿಸ್ಟಿಲ್ಡ್ ವಾಟರ್ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡಿರುತ್ತದೆ. ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿ, ಆಮೇಲೆ ಉಪ್ಪು ಕರಗಿಸಿ ಅಳೆಯಿರಿ.